ಹೆಮಟೈಟ್ ನ್ಯಾನೋಕಣಗಳ ಆಕಾರ ಪ್ರತಿಸಲವೂ ಬೇರೆಯಾಗುವುದೇಕೆ?

ಫೆರಿಕ್ ಕ್ಲೋರೈಡ್ ದ್ರಾವಣವನ್ನು ಕಾಯಿಸಿ ಹೆಮಟೈಟ್ ಎಂಬ ಕಬ್ಬಿಣದ ಆಕ್ಸೈಡನ್ನು ತಯಾರಿಸುವಾಗ ಒಮ್ಮೆ ದುಂಡನೆಯ, ಮತ್ತೊಮ್ಮೆ ಉದ್ದನೆಯ ಕಣಗಳು ಸಿಗುತ್ತಿವೆ, ತಾಪಮಾನವನ್ನು ಬದಲಿಸಬೇಕೇ ಎಂದು ಕೇಳಿದ್ದೀರಿ. ಶಿವಮೊಗ್ಗದಲ್ಲಿ ವಿದ್ಯಾರ್ಥಿಗಳಿಂದ ಇದೇ ಪ್ರಯೋಗವನ್ನು ಮಾಡಿಸುವ ನಾನು ಹೇಳುವುದಿಷ್ಟು: ಸದ್ಯಕ್ಕೆ ತಾಪಮಾನದ ತಂಟೆಗೆ ಹೋಗದೆ, ದ್ರಾವಣದಲ್ಲಿ ಎಷ್ಟು ಫಾಸ್ಫೇಟ್ ಇದೆ ಎಂಬುದನ್ನು ಮೊದಲು ನೋಡಿಕೊಳ್ಳಿ.

ಕೆಮ್ಮಣ್ಣುಗುಂಡಿಯಿಂದ ಭದ್ರಾವತಿಯ ಕುಲುಮೆಗೆ ಬರುತ್ತಿದ್ದ ಅದಿರಿನಲ್ಲಿದ್ದುದೂ ಇದೇ ಹೆಮಟೈಟ್ ಖನಿಜ. ಇದರ ಹರಳಿನ ಮುಖಗಳೆಲ್ಲ ಒಂದೇ ಬಗೆಯವಲ್ಲ. ಫಾಸ್ಫೇಟ್ ಅಯಾನುಗಳು ಸಿ-ಅಕ್ಷ ಎಂದು ಕರೆಯುವ ಹರಳಿನ ಮುಖ್ಯ ಅಕ್ಷಕ್ಕೆ ಸಮಾಂತರವಾದ ಮುಖಗಳಿಗೆ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುವುದರಿಂದ ಅಡ್ಡಡ್ಡ ಬೆಳವಣಿಗೆ ಕುಂಠಿತಗೊಂಡು, ಹರಳು ಅಕ್ಷದ ಉದ್ದಕ್ಕೂ ಬೆಳೆಯುತ್ತ ನೂಲುವ ಕದಿರಿನಂತೆ ನಡುವೆ ದಪ್ಪವಾಗಿ, ತುದಿಗಳಲ್ಲಿ ಚೂಪಾಗುತ್ತದೆ. ಒಜಾಕಿ, ಮಟಿಯೆವಿಚ್ ಮತ್ತು ಸಂಗಡಿಗರು 1984ರಲ್ಲಿ ಪ್ರಕಟಿಸಿದ ಈ ವಿಧಾನ ಇಂದಿಗೂ ಬಳಕೆಯಲ್ಲಿದೆ. ಫಾಸ್ಫೇಟಿನ ಬದಲು ಸಲ್ಫೇಟ್ ಹಾಕಿದರೆ, ತಕ್ಕ ಪರಿಸ್ಥಿತಿಯಲ್ಲಿ, ಕಡಲೆಕಾಯಿಯಾಕಾರದ ಕಣಗಳೂ ದೊರೆಯುತ್ತವೆ.

ಬೇಕಾಗುವ ಫಾಸ್ಫೇಟ್ ಎಷ್ಟು ಅಲ್ಪವೆಂಬುದೇ ಇಲ್ಲಿನ ನಿಜವಾದ ತೊಡಕು. ಫೆರಿಕ್ ಕ್ಲೋರೈಡ್ 0.02 ಮೋಲಾರ್ ಇದ್ದರೆ ಸೋಡಿಯಂ ಡೈಹೈಡ್ರೋಜನ್ ಫಾಸ್ಫೇಟ್ ಸುಮಾರು 0.45 ಮಿಲಿಮೋಲಾರ್ ಸಾಕು. 100 ಮಿಲಿಲೀಟರಿಗೆ ನೀರಿನಂಶವಿಲ್ಲದ ಲವಣದ ಲೆಕ್ಕದಲ್ಲಿ ಅದು ಬರೀ 5.4 ಮಿಲಿಗ್ರಾಂ. ಇಷ್ಟನ್ನು ನೇರವಾಗಿ ತೂಗುವ ಬದಲು 10 ಮಿಲಿಮೋಲಾರ್ ದ್ರಾವಣವನ್ನು ಮಾಡಿಟ್ಟುಕೊಂಡು ಅದರಿಂದ 4.5 ಮಿಲಿಲೀಟರ್ ಪಿಪೆಟ್ಟಿನಲ್ಲಿ ತೆಗೆದುಕೊಳ್ಳಿ. ಗಾಜಿನ ಪಾತ್ರೆಗಳನ್ನು ಫಾಸ್ಫೇಟ್ ಇರುವ ಮಾರ್ಜಕದಿಂದ ತೊಳೆಯಬೇಡಿ. ಬಾವಿಯ ನೀರಿನ ಮಾತಂತೂ ಬೇಡವೇ ಬೇಡ.

ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಇನ್ನೊಂದು ತೊಂದರೆಯಿದೆ. ಫೆರಿಕ್ ಕ್ಲೋರೈಡಿನ ಹಳದಿ ಉಂಡೆಗಳು ಗಾಳಿಯ ತೇವವನ್ನು ಹೀರಿ, ತೂಗುತ್ತಿರುವಾಗಲೇ ಕಾಗದದ ಮೇಲೆ ಒದ್ದೆಯಾಗತೊಡಗುತ್ತವೆ. ಆಗ ತಕ್ಕಡಿ ತೋರಿಸುವ ತೂಕದಲ್ಲಿ ನೀರೂ ಸೇರಿರುವುದರಿಂದ ಕಬ್ಬಿಣ ಕಡಿಮೆಯಾಗಿ, ಅದಕ್ಕೂ ಫಾಸ್ಫೇಟಿಗೂ ಇರುವ ಅನುಪಾತ ಏರುಪೇರಾಗುತ್ತದೆ. ಹೊಸ ಬಾಟಲಿ ತೆರೆದ ದಿನವೇ ಗಾಢ ದ್ರಾವಣವನ್ನು ಮಾಡಿ, ತುಸು ಹೈಡ್ರೋಕ್ಲೋರಿಕ್ ಆಮ್ಲ ಬೆರೆಸಿ, ಕಬ್ಬಿಣದ ಸಾಂದ್ರತೆಯನ್ನು ಟೈಟ್ರೇಷನ್ ಮಾಡಿ ಗೊತ್ತುಪಡಿಸಿಕೊಳ್ಳುವುದು ಲೇಸು. ಆದರೆ ಆಮ್ಲ ಹೆಚ್ಚಾದರೆ ಹೆಮಟೈಟ್ ಮೂಡುವುದೇ ತಡವಾಗುವುದರಿಂದ ಪ್ರತಿಸಲವೂ ಅದರ ಪ್ರಮಾಣ ಒಂದೇ ಇರಲಿ.

ಇನ್ನು ಕಾಲಾವಧಿ. 100 ಡಿಗ್ರಿಯ ಆಸುಪಾಸಿನಲ್ಲಿ ಮೊದಲು ಹುಟ್ಟುವುದು ಕಡ್ಡಿಯಾಕಾರದ ಅಕಗನೈಟ್ ಎಂಬ ಕಬ್ಬಿಣದ ಬೇರೊಂದು ಖನಿಜ; ಅದು ನಿಧಾನವಾಗಿ ಕರಗುತ್ತ ಹೆಮಟೈಟಿಗೆ ಕಬ್ಬಿಣವನ್ನು ಒದಗಿಸುತ್ತದೆ. ಹೀಗೆ ಕಬ್ಬಿಣ ಅಳತೆಯಲ್ಲಿ ಸಿಗುವುದರಿಂದಲೇ ಹರಳಿನ ಹೊಸ ಬೀಜಗಳು ಹುಟ್ಟದೆ, ಇದ್ದ ಹರಳುಗಳೇ ಸಮನಾಗಿ ಬೆಳೆಯುತ್ತವೆ. ಅರ್ಧದಲ್ಲಿ ಹೊರತೆಗೆದರೆ ಉಳಿದ ಅಕಗನೈಟ್ ಕಡ್ಡಿಗಳನ್ನೇ ಉದ್ದನೆಯ ಹೆಮಟೈಟ್ ಎಂದು ಭಾವಿಸುವ ಸಾಧ್ಯತೆಯಿದೆ. ನಿಮ್ಮ ಉದ್ದನೆಯ ಕಣಗಳ ಬಗ್ಗೆಯೂ ನನಗಿರುವ ಅನುಮಾನ ಇದೇ. ಆ ಮಾದರಿಯ ಎಕ್ಸ್-ರೇ ವಿವರ್ತನೆಯನ್ನು ಒಮ್ಮೆ ತೆಗೆಸಿ ನೋಡಿ; ಅದು ಯಾವ ಖನಿಜವೆಂದು ತಿಳಿಯುತ್ತದೆ.