ಅಜ್ಜನ ದನಿಗಿಂತ ಫ್ರಿಜ್ಜಿನ ಸದ್ದು ಜೋರಾಗಿದ್ದರೆ

ಐರ್ಲೆಂಡಿನ ಮೇಯೋ ಕೌಂಟಿಯಲ್ಲಿ ನಿಮ್ಮ ಪಕ್ಕದ ಮನೆ ಅಜ್ಜನ ಹಳೇ ನೆನಪಿನ ಮಾತನ್ನು ಅಡುಗೆಮನೆಯಲ್ಲಿ ಫೋನಿನಲ್ಲಿ ಹಿಡಿದರೆ ಗಡಿಯಾರ, ಫ್ರಿಜ್ಜಿನ ಸದ್ದೇ ಕೇಳುತ್ತೆ ಅಂದಿದ್ದೀರಿ. ತಪ್ಪು ಫೋನಿನದಲ್ಲ, ದೂರದ್ದು. ಅದನ್ನು ಮೇಜಿನ ಮೇಲಿಟ್ಟರೆ ಚಹಾ ಕಪ್ ಇಟ್ಟದ್ದೂ ಗುಡುಗಿದಂತೆ ಬರುತ್ತದೆ. ಕಾಲರ್ ಮೈಕನ್ನು ಗದ್ದದಿಂದ ಒಂದು ಗೇಣು ಕೆಳಗೆ, ಉಣ್ಣೆ ಸ್ವೆಟರಿಗೆ ಉಜ್ಜದ ಹಾಗೆ ಸಿಕ್ಕಿಸಿ. ಗಡಿಯಾರ ಬೇರೆ ಕೋಣೆಗೆ. ಫ್ರಿಜ್ ಆಫ್ ಮಾಡಿದರೆ ನಿಮ್ಮ ಕಾರಿನ ಕೀಲಿ ಅದರೊಳಗಿಡಿ, ಮತ್ತೆ ಹಾಕಲು ಮರೆಯುವುದಿಲ್ಲ. ಟರ್ಫ್ (ಜೌಗು ನೆಲದಿಂದ ಕಡಿದು ಒಣಗಿಸಿದ ಉರುವಲು) ಒಲೆ ಮಾತ್ರ ಉರಿಯಲಿ ಬಿಡಿ. ಅದಿಲ್ಲದೆ ಮಾತು ಹೊರಡಲ್ಲ.

ರೆಕಾರ್ಡಿಂಗ್ ಆ್ಯಪ್‌ನ ಸೆಟ್ಟಿಂಗ್‌ನಲ್ಲಿ 48 ಕಿಲೋಹರ್ಟ್ಸ್, 24 ಬಿಟ್, ವೇವ್ (WAV) ಫೈಲ್ ಆರಿಸಿ. ಮೊನೋ, ಅಂದರೆ ಒಂದೇ ಚಾನೆಲ್ ಆದರೆ ಗಂಟೆಗೆ ಸುಮಾರು 520 ಎಂಬಿ. ನೀವು "ಹೂಂ" ಅನ್ನಬೇಡಿ, ತಲೆಯಾಡಿಸಿ. "ಹಳೇ ಕಾಲ ಹೇಗಿತ್ತು?" ಎಂದರೆ "ಕಷ್ಟ" ಅಂತ ಮುಗಿಸಿಬಿಡುತ್ತಾರೆ. ಕರೆಂಟ್ ಬಂದಾಗ ಮೊದಲ ಬಲ್ಬ್ ಯಾವ ಕೋಣೆಗೆ ಹಾಕಿದರು ಅಂತ ಕೇಳಿ.

ಅಜ್ಜನ ಮಾತನ್ನು ಕೇಳಿ ಬರೆದುಕೊಂಡ ಮೇಲೂ ಫೈಲ್ ಅಳಿಸಲೇಬೇಡಿ. 1935ರಲ್ಲಿ ಶುರುವಾದ ಐರಿಷ್ ಜಾನಪದ ಆಯೋಗದ ಸಂಗ್ರಾಹಕರು ಮೇಣದ ಸಿಲಿಂಡರಿನಲ್ಲಿ (ದನಿ ಕೊರೆದಿಡುವ ಹಳೇ ಕಾಲದ ಉರುಳೆ) ಹಿಡಿದದ್ದನ್ನು ಬರೆದುಕೊಂಡ ಮೇಲೆ, ಮೇಣ ಹೆರೆದು ಮತ್ತೆ ಬಳಸುತ್ತಿದ್ದರು. ಅಕ್ಷರ ಉಳಿಯಿತು, ಬಹುಪಾಲು ದನಿ ಹೋಯಿತು. ಎರಡು ಪ್ರತಿ ಎರಡು ಮನೆಯಲ್ಲಿರಲಿ. ಒಪ್ಪಿಗೆಯ ಸಹಿ ಅದೇ ದಿನ ಹಾಕಿಸಿಕೊಳ್ಳಿ. ಅದಿಲ್ಲದೆ ಯಾವ ಸಂಗ್ರಹಾಲಯಕ್ಕೂ ಕೊಡುವುದು ಕಷ್ಟ.