ಹೊಲ ಸೈಟಾಗದಂತೆ ಟ್ರಸ್ಟ್ ಮಾಡಬಹುದೇ?

ಪ್ರಶ್ನೆ: ನನ್ನದು 3 ಎಕರೆ 10 ಗುಂಟೆ, ರಾಗಿ ಮತ್ತು ಹಿಪ್ಪುನೇರಳೆ. ಸುತ್ತಲೂ ಲೇಔಟ್ ಎದ್ದಿವೆ. ಅಮೆರಿಕದಲ್ಲಿ ಟ್ರಸ್ಟ್ ಮೂಲಕ ಹೊಲವನ್ನು ಹೊಲವಾಗಿಯೇ ಉಳಿಸುತ್ತಾರೆಂದು ಅಲ್ಲಿರುವ ಮಗಳು ಹೇಳುತ್ತಾಳೆ. ಇಲ್ಲಿ ಆಗುತ್ತದೆಯೇ? ಸದ್ಯ ಪಕ್ಕದೂರಿನ ಹುಡುಗನಿಗೆ ಅರ್ಧ ವಾರಕ್ಕೆ, ಅಂದರೆ ಬೆಳೆಯಲ್ಲಿ ಅರ್ಧ ಪಾಲಿಗೆ, ಕೊಟ್ಟಿದ್ದೇನೆ.
— ಓದುಗರು, ದೇವನಹಳ್ಳಿ ತಾಲ್ಲೂಕು

ಉತ್ತರ: ಮೊದಲು ಆ ವಾರ ನಿಲ್ಲಿಸಿ. ಕರ್ನಾಟಕ ಭೂಸುಧಾರಣಾ ಕಾಯ್ದೆಯ 5ನೇ ಕಲಂ ಪ್ರಕಾರ ಕೃಷಿ ಜಮೀನು ಗೇಣಿಗೆ ಕೊಡುವಂತಿಲ್ಲ. ಯಾರಾದರೂ ದೂರು ಕೊಟ್ಟರೆ ಜಮೀನಿಗೇ ಕುತ್ತು. ಕೂಲಿಯನ್ನು ಹಣವಾಗಿಯೋ ಕಾಳಾಗಿಯೋ ಕೊಡಬಹುದು, ಬೆಳೆಯಲ್ಲಿ ಪಾಲು ಮಾತ್ರ ಕೂಡದು. ಹುಡುಗನಿಗೆ ತಿಂಗಳ ಸಂಬಳ ಗೊತ್ತುಮಾಡಿ ರಸೀದಿ ಇಡಿ. ಬೀಜ, ಗೊಬ್ಬರದ ಬಿಲ್ಲು, ಪಹಣಿಯ ಸಾಗುವಳಿ ಕಾಲಂ ನಿಮ್ಮ ಹೆಸರಲ್ಲೇ ಇರಲಿ.

ಕ್ಯಾಲಿಫೋರ್ನಿಯಾದ ಮರೀನ್ ಕೌಂಟಿಯಲ್ಲಿ 1980ರಲ್ಲಿ ಶುರುವಾದ ಟ್ರಸ್ಟ್, ಜಮೀನನ್ನು ರೈತನ ಕೈಯಲ್ಲೇ ಬಿಟ್ಟು ಕಟ್ಟಡ ಕಟ್ಟುವ ಹಕ್ಕನ್ನಷ್ಟೇ ಕೊಳ್ಳುತ್ತದೆ. ಆ ಕರಾರು ಮುಂದೆ ಕೊಳ್ಳುವವರಿಗೂ ಅಂಟಿಕೊಳ್ಳುತ್ತದೆ. ನಮ್ಮಲ್ಲಿ ಅಂಥ ಕಾನೂನಿಲ್ಲ. ದಾನಪತ್ರದಲ್ಲಿ ‘ಯಾವತ್ತೂ ಮಾರಕೂಡದು’ ಎಂದು ಬರೆಸಿದರೆ ಸ್ವತ್ತು ವರ್ಗಾವಣೆ ಕಾಯ್ದೆಯ 10ನೇ ಕಲಂ ಆ ಷರತ್ತನ್ನು ಅಸಿಂಧು ಮಾಡುತ್ತದೆ.

ಉಳಿಯುವುದು ಕುಟುಂಬದ ಖಾಸಗಿ ಟ್ರಸ್ಟ್. ಸ್ವಯಾರ್ಜಿತವಾದರೆ ನೀವೊಬ್ಬರೇ ಮಾಡಬಹುದು. ಪಿತ್ರಾರ್ಜಿತವಾದರೆ ಹೆಣ್ಣುಮಕ್ಕಳೂ ಸೇರಿ ಎಲ್ಲರ ಪಾಲಿರುತ್ತದೆ. ಮೊದಲು ವಿಭಾಗ ಪತ್ರ, 11-ಇ ನಕ್ಷೆ (ಪಾಲಾದ ಜಮೀನಿನ ಸರ್ವೆ ನಕ್ಷೆ), ಆಮೇಲೆ ಟ್ರಸ್ಟ್. ಪತ್ರವನ್ನು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಮ್ಯುಟೇಷನ್ (ಹಕ್ಕು ಬದಲಾವಣೆ) ಆಗಿ ಪಹಣಿಯಲ್ಲಿ ಟ್ರಸ್ಟಿಗಳ ಹೆಸರು ಬರುವವರೆಗೂ ಬೆನ್ನು ಬಿಡಬೇಡಿ.

ಕೆಡುವುದು ಕರಡಿನಲ್ಲಿ. ಪತ್ರ ಬರಹಗಾರರು ಹಳೆಯ ನಮೂನೆ ಇಳಿಸಿ, ‘ಮ್ಯಾನೇಜಿಂಗ್ ಟ್ರಸ್ಟಿಗೆ ಮಾರುವ, ಅಡ ಇಡುವ ಅಧಿಕಾರ’ ಎಂಬ ಸಾಲನ್ನು ಹಾಗೇ ಬಿಟ್ಟಿರುತ್ತಾರೆ. ಅದನ್ನು ಹೊಡೆದುಹಾಕಿಸಿ. ಮೂವರು ಟ್ರಸ್ಟಿಗಳಿರಲಿ, ಒಬ್ಬರು ಮನೆಯ ಹೊರಗಿನವರು. ಮಾರಾಟಕ್ಕೂ ಭೂಪರಿವರ್ತನೆ ಅರ್ಜಿಗೂ ಮೂವರ ಸಹಿ ಬೇಕೆಂದು ಬರೆಸಿ, ‘ಬಹುಮತ’ ಎಂಬ ಪದ ಬೇಡ. ಇನ್ನೊಂದು ಸಂದು ಟ್ರಸ್ಟ್ ಕಾಯ್ದೆಯಲ್ಲೇ ಇದೆ: ಫಲಾನುಭವಿಗಳೆಲ್ಲ ವಯಸ್ಕರಾಗಿ ಒಮ್ಮತಕ್ಕೆ ಬಂದರೆ ಜಮೀನು ಕೇಳಿ ಪಡೆಯಬಹುದು. ಮೊಮ್ಮಕ್ಕಳನ್ನೂ ಫಲಾನುಭವಿಗಳಾಗಿ ಸೇರಿಸಿದರೆ ಕಿರಿಯರಿಗೆ 18 ತುಂಬುವ ತನಕ ಅದು ಸುಲಭವಲ್ಲ.

ಶಾಶ್ವತವಾಗಿಯೇ ಬೇಕೆಂದರೆ ಸಾರ್ವಜನಿಕ ಧರ್ಮಾರ್ಥ ಟ್ರಸ್ಟ್ ಇದೆ. ಇಂಥ ಸಂಸ್ಥೆಗಳು ಕೃಷಿ ಜಮೀನು ಹೊಂದುವಂತಿಲ್ಲ ಎನ್ನುತ್ತಿದ್ದ ಭೂಸುಧಾರಣಾ ಕಾಯ್ದೆಯ 79-ಬಿ ಕಲಂ 2020ರ ತಿದ್ದುಪಡಿಯಲ್ಲಿ ಹೋದಮೇಲೆ ಹಳೆಯ ಅಡ್ಡಿ ತೆರವಾಗಿದೆ. ಆದರೆ ಆದಾಯ ಮಕ್ಕಳಿಗೆ ಬರುವುದಿಲ್ಲ. ಯಾವ ಟ್ರಸ್ಟಾದರೂ ಕೆಐಎಡಿಬಿಯ (ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ಭೂಸ್ವಾಧೀನವನ್ನು ತಡೆಯದು. ಪರಿಹಾರದ ಹಣ ಯಾರಿಗೆ, ಅದರಲ್ಲಿ ಬೇರೆ ಜಮೀನು ಕೊಳ್ಳಬೇಕೇ ಎಂಬುದನ್ನೂ ಪತ್ರದಲ್ಲೇ ಬರೆಸಿ.