ಅತ್ತೆಯನ್ನು ಯಾರೂ ಕೇಳಿರಲಿಲ್ಲ

(ಹೆಸರು ಮತ್ತು ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಮನೆಯವರ ಒಪ್ಪಿಗೆ ಪಡೆದು ಬರೆದದ್ದು.)

ಅವರನ್ನು ಸುಮಾ ಅಂತ ಕರೆಯೋಣ. ವಯಸ್ಸು ನಲವತ್ತರ ಆಸುಪಾಸು, ಊರು ಗದಗ-ಬೆಟಗೇರಿ, ಕೆಲಸ ಪ್ರಾಥಮಿಕ ಶಾಲೆಯ ಶಿಕ್ಷಕಿ. 2024ರ ಜನವರಿ ಕೊನೆಗೆ ಗಂಡನ ಜೊತೆ ನನ್ನ ಬಳಿ ಸಮಾಲೋಚನೆಗೆ ಬಂದರು. ಕೂತ ತಕ್ಷಣ ಮಾತು ಶುರು ಮಾಡಿದ್ದು ಗಂಡ. "ಮೇಡಂ, ಕೊರೊನಾ ಮುಗದು ಎಷ್ಟ ದಿನ ಆತು, ಈಕಿ ಇನ್ನೂ ಮಾಸ್ಕ್ ಬಿಡವಲ್ಲಳು. ಇದೂ ಒಂದು ಜಡ್ಡ ಅಲ್ಲೇನ್ರಿ?" ಸುಮಾ ಎನ್‌95 ಹಾಕಿಕೊಂಡೇ ಕೂತಿದ್ದರು. ಉತ್ತರ ಕೊಡಲಿಲ್ಲ.

ಮನೆಯಲ್ಲಿ ಅತ್ತೆಗೆ ಲಿಂಫೋಮಾ, ಅಂದರೆ ಒಂದು ಬಗೆಯ ರಕ್ತದ ಕ್ಯಾನ್ಸರ್. ಮೂರು ವಾರಕ್ಕೊಮ್ಮೆ ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ ಬಂದು ಕೀಮೋ ತೆಗೆದುಕೊಳ್ಳುತ್ತಾರೆ. 2023ರ ಡಿಸೆಂಬರ್‌ನಲ್ಲಿ ಕೊರೊನಾದ ಜೆಎನ್.1 ತಳಿಯ ಸುದ್ದಿ ಬಂತು. 60 ದಾಟಿದವರು, ಬೇರೆ ಕಾಯಿಲೆ ಇರುವವರು ಮಾಸ್ಕ್ ಹಾಕಿಕೊಳ್ಳಿ ಅಂತ ಸರ್ಕಾರ ಸಲಹೆ ಕೊಟ್ಟಿತು. ಕಡ್ಡಾಯ ಇರಲಿಲ್ಲ, 2020ರ ಹಾಗೆ ಪಾಲಿಕೆ ವ್ಯಾಪ್ತಿಯಲ್ಲಿ 250 ರೂಪಾಯಿ ದಂಡವೂ ಇರಲಿಲ್ಲ. ಅವರವರಿಗೆ ಬಿಟ್ಟದ್ದು. ಮನೆಗಳಲ್ಲಿ ಜಗಳ ಹುಟ್ಟುವುದು ಇಂಥಲ್ಲೇ. ದಂಡ ಇದ್ದಾಗ ಪೊಲೀಸರನ್ನು ಬೈಯಬಹುದಿತ್ತು, ಈಗ ಬೈಯಲು ಹೆಂಡತಿಯೇ ಸಿಗುವುದು.

ಸಂಕ್ರಾಂತಿಗೆ ಓಣಿಯ ಹೆಂಗಸರು ಕುಸುರೆಳ್ಳು ಹಿಡಿದು ಬಂದರು. ಸುಮಾ ಬಾಗಿಲಲ್ಲೇ ತೆಗೆದುಕೊಂಡು ಕಳಿಸಿದರು. ಅತ್ತೆ ಅವತ್ತು ರಾತ್ರಿ ಊಟ ಮಾಡಲಿಲ್ಲ. "ನಾ ಏನ್ ಜೈಲಿನ್ಯಾಗ ಅದೇನೇನು?" ಅಂದರಂತೆ. ಗಂಡ ಹೆಂಡತಿ ಬಂದದ್ದು ಅದಾದ ಮೇಲೆ.

ಸುಮಾ ಹಾಕುವ ಮಾಸ್ಕ್ ಕಾಯಿಲೆ ಅಲ್ಲ ಅಂತ ಗಂಡನಿಗೆ ಮೊದಲೇ ಹೇಳಿದೆ. ಅತ್ತೆಯ ಚಿಕಿತ್ಸೆಯಲ್ಲಿ ರಿಟುಕ್ಸಿಮ್ಯಾಬ್ ಅನ್ನುವ ಔಷಧಿ ಇದೆ. ಸೋಂಕಿನ ವಿರುದ್ಧ ಹೋರಾಡುವ ಪ್ರತಿಕಾಯ ತಯಾರಾಗಲು ಬೇಕಾದ ಬಿ ಕೋಶಗಳನ್ನೇ ಅದು ತೆಗೆದುಹಾಕುತ್ತದೆ. ಹಾಗಾಗಿ ಲಸಿಕೆ ಹಾಕಿಸಿದರೂ ಫಲ ಕಡಿಮೆ. ಅದರ ಮೇಲೆ ಪ್ರತಿ ಕೀಮೋ ಆಗಿ ಸುಮಾರು ಒಂದರಿಂದ ಎರಡು ವಾರದ ನಡುವೆ ಬಿಳಿ ರಕ್ತಕಣ ತೀರಾ ಇಳಿಯುತ್ತವೆ. ನಮಗೆ ಮೂರು ದಿನದ ನೆಗಡಿ ಆಗಿದ್ದು ಅವರಿಗೆ ಐಸಿಯು ಆಗಬಹುದು. ಇಂಥ ಮನೆಯ ಸೊಸೆ ಮಕ್ಕಳು ತುಂಬಿದ ಕ್ಲಾಸಿನಲ್ಲಿ ಮಾಸ್ಕ್ ಹಾಕಿದರೆ ಅದು ಲೆಕ್ಕ ಹಾಕಿ ಮಾಡಿದ ಕೆಲಸ.

ಗಂಡ ಮೊಬೈಲ್ ತೆಗೆದು ಒಂದು ಫಾರ್ವರ್ಡ್ ತೋರಿಸಿದರು. ದೊಡ್ಡ ಸಂಶೋಧನೆಯಲ್ಲಿ ಮಾಸ್ಕ್ ವ್ಯರ್ಥ ಅಂತ ಸಾಬೀತಾಗಿದೆಯಂತೆ. ಅದು ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ 2023ರ ಜನವರಿಯ ವಿಮರ್ಶೆ. ಜನರಿಗೆ ಮಾಸ್ಕ್ ಹಾಕಿ ಅಂತ ಪ್ರಚಾರ ಮಾಡಿದರೆ ಊರಿಗೆ ಊರೇ ಸೋಂಕು ಇಳಿಯುತ್ತದೆಯೇ ಅನ್ನುವುದು ಅದರಲ್ಲಿದ್ದ ಪ್ರಶ್ನೆ, ಸಿಕ್ಕಿದ್ದು ಖಚಿತವಲ್ಲದ ಉತ್ತರ. ಅದನ್ನು 'ಮಾಸ್ಕ್ ಕೆಲಸ ಮಾಡಲ್ಲ' ಅಂತ ಓದುವುದು ತಪ್ಪು ಎಂದು ಕಾಕ್ರೇನ್‌ನ ಮುಖ್ಯ ಸಂಪಾದಕರೇ ಆ ಮಾರ್ಚ್‌ನಲ್ಲಿ ಹೇಳಿದರು. ಬಾಂಗ್ಲಾದೇಶದ 600 ಹಳ್ಳಿಗಳಲ್ಲಿ ನಡೆದ ಪ್ರಯೋಗದ ಬಗ್ಗೆಯೂ ಹೇಳಿದೆ. ಅಲ್ಲಿ ಎಷ್ಟೇ ಪ್ರಚಾರ ಮಾಡಿದರೂ ಮಾಸ್ಕ್ ಹಾಕುವವರು ಶೇ 13ರಿಂದ ಸುಮಾರು ಶೇ 42ಕ್ಕೆ ಏರಿದರು, ಅಷ್ಟೇ. ಆದರೂ ಸರ್ಜಿಕಲ್ ಮಾಸ್ಕ್ ಹಂಚಿದ ಹಳ್ಳಿಗಳಲ್ಲಿ, 60 ದಾಟಿದವರಲ್ಲಿ, ಲಕ್ಷಣ ಇರುವ ಕೋವಿಡ್ ಮೂರನೇ ಒಂದು ಭಾಗದಷ್ಟು ಕಡಿಮೆಯಾಯಿತು. ಊರಿನ ಲೆಕ್ಕ ಬೇರೆ, ಒಂದು ಮನೆಯ ಲೆಕ್ಕ ಬೇರೆ. ಗಂಡ ಪೂರ್ತಿ ಒಪ್ಪಿದರು ಅಂತ ನನಗೆ ಅನ್ನಿಸಲಿಲ್ಲ. ಫೋನ್ ಮಾತ್ರ ಜೇಬಿಗೆ ಇಟ್ಟರು.

ಸುಮಾ ಜೊತೆ ಒಬ್ಬರೇ ಇದ್ದಾಗ ಮಾತಾಡಿದ್ದು ಬೇರೆ ಸಂಗತಿ. 2021ರ ಮೇ ತಿಂಗಳಲ್ಲಿ ಅವರ ತಂದೆ ಕೋವಿಡ್‌ನಿಂದ ತೀರಿಹೋದರು. ಅದಕ್ಕೆ ಮುಂಚೆ ಒಂದು ಹೆಸರಿಡುವ ಕಾರ್ಯಕ್ರಮಕ್ಕೆ ತಂದೆಯನ್ನು ಕರೆದುಕೊಂಡು ಹೋಗಿದ್ದು ಇವರೇ. "ಫೋಟೋ ತೆಗೀವಾಗ ಮಾಸ್ಕ್ ತಗೀ ಅಪ್ಪಾ ಅಂದೆ ರೀ" ಅಂತ ಅತ್ತರು. ಆ ಫೋಟೋ ಹೊತ್ತಿನಲ್ಲೇ ಸೋಂಕು ತಗುಲಿತೋ ಇಲ್ಲವೋ ಯಾರಿಗೂ ಹೇಳಲು ಬರುವುದಿಲ್ಲ. ಆ ದಿನಗಳಲ್ಲಿ ಸೋಂಕು ಎಲ್ಲ ಕಡೆ ಇತ್ತು. ಆದರೆ ಆ ನೋವಿನಿಂದ ಅವರಿಗೆ ಅಪಾಯದಲ್ಲಿ ಹೆಚ್ಚು ಕಡಿಮೆ ಅನ್ನುವುದೇ ಉಳಿದಿರಲಿಲ್ಲ. ಮುಂಜಾನೆ ಖಾಲಿ ರಸ್ತೆಯಲ್ಲಿ ವಾಕಿಂಗ್ ಹೋಗುವಾಗಲೂ ಎನ್‌95, ಬಸ್ಸಿನಲ್ಲೂ ಎನ್‌95. ರಾತ್ರಿ ಎದ್ದು ಅತ್ತೆಯ ಹಣೆ ಮುಟ್ಟಿ ನೋಡುವುದು ಬೇರೆ. ಮುಂಜಾಗ್ರತೆಯನ್ನು ಉಳಿಸಿಕೊಂಡೇ ಈ ಭಯದ ಬಗ್ಗೆ ಕೆಲಸ ಮಾಡೋಣ ಎಂದೆ. ನಿದ್ದೆ ಹೀಗೇ ಕೆಟ್ಟರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ಮನೋವೈದ್ಯರನ್ನು ಕಾಣಲು, ನಡುರಾತ್ರಿ ಸಂಕಟ ಜಾಸ್ತಿಯಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಲು ಹೇಳಿದೆ.

ಇಷ್ಟೆಲ್ಲ ಮಾತಾದರೂ ಒಂದು ವಿಷಯ ನನಗೆ ಕಾಡುತ್ತಿತ್ತು. ಅಪಾಯ ಅತ್ತೆಯದು, ನಿಯಮ ಸೊಸೆಯದು, ತಕರಾರು ಮಗನದು. ಅತ್ತೆಗೆ ಏನು ಬೇಕು ಅಂತ ಯಾರೂ ಕೇಳಿದ ಹಾಗಿರಲಿಲ್ಲ. ಮುಂದಿನ ಕೀಮೋಗೆ ಬಂದಾಗ ಅವರನ್ನೂ ಕರೆತರಲು ಹೇಳಿದೆ.

ಮುದುಕಿ ಗಟ್ಟಿ. ಓಣಿಯವರು ಬಂದು ಮಾತಾಡಬೇಕು, ಫೆಬ್ರವರಿಯಲ್ಲಿ ಮೊಮ್ಮಗಳ ಮದುವೆಗೆ ಅಕ್ಷತೆ ಹಾಕಬೇಕು, ಇವು ಎರಡು ಅವರ ಬೇಡಿಕೆ. ಮಗ ಗೆದ್ದವರ ಹಾಗೆ ತಲೆಯಾಡಿಸಿದರು. ಅಷ್ಟರಲ್ಲಿ ಅವರು ಮಗನ ಕಡೆ ತಿರುಗಿದರು. "ನೀ ಅಂಗಡಿಯಿಂದ ಕೆಮ್ಮಕೋತ ಬಂದು ನನ್ನ ಹಾಸಿಗಿ ಮ್ಯಾಲ ಕೂಡತಿಯಲ್ಲ, ಅದು ನನಗ ಹೆದರಿಕಿ. ಸೊಸಿಗೆ ಬೈದೆ ಖರೆ. ನಿನಗ ಹೇಳಾಕ ಬಾಯಿ ಬರಲಿಲ್ಲ." ಮಗ ತಾನೂ ಒಮ್ಮೊಮ್ಮೆ ಮಾಸ್ಕ್ ಹಾಕುತ್ತೇನೆ ಅಂತ ಒಂದನ್ನು ತೋರಿಸಿದರು. ಅದು ಕವಾಟ (ವಾಲ್ವ್) ಇರುವ ಮಾಸ್ಕ್. ಅದರಲ್ಲಿ ಬಿಟ್ಟ ಉಸಿರು ಸೋಸದೆ ಹೊರಗೆ ಹೋಗುತ್ತದೆ. ಹಾಕಿದವರಿಗೆ ರಕ್ಷಣೆ, ಎದುರು ಕೂತ ತಾಯಿಗೆ ಇಲ್ಲ!

ಕೊಟ್ಟ ಸಲಹೆ ಇಷ್ಟು. ಕೆಮ್ಮು, ನೆಗಡಿ ಇದ್ದವರು ಅತ್ತೆಯ ಕೋಣೆಗೆ ಹೋಗಬಾರದು, ಹೋಗಲೇಬೇಕಾದರೆ ಕವಾಟ ಇಲ್ಲದ ಎನ್‌95 ಮೂಗಿನ ಹತ್ತಿರ ಗಾಳಿ ಸೋರದ ಹಾಗೆ ಹಾಕಿಕೊಂಡು ಹೋಗಬೇಕು. ಆರೋಗ್ಯವಾಗಿರುವ ನೆರೆಯವರು ಬರಲಿ, ಆದರೆ ಕೋಣೆಗೆ ಬೇಡ, ಮನೆ ಮುಂದಿನ ಕಟ್ಟೆಗೆ. ಬಯಲಲ್ಲಿ ಉಸಿರಿನ ಕಣಗಳು ಬೇಗ ಚದುರುತ್ತವೆ. ಸುಮಾ ವಾಕಿಂಗ್‌ಗೆ ಮಾಸ್ಕ್ ಬಿಡಬಹುದು, ಕ್ಲಾಸಿನಲ್ಲಿ ಬಿಡುವುದು ಬೇಡ. ಗದಗದಿಂದ ಬರುವ ಸಾದಾ ಬಸ್ಸಿನಲ್ಲಿ ಅತ್ತೆಯನ್ನು ತೆರೆದ ಕಿಟಕಿಯ ಪಕ್ಕ ಕೂರಿಸಿ. ಹುಬ್ಬಳ್ಳಿಯಲ್ಲಿ ಹತ್ತುವ ಚಿಗರಿ ಎಸಿ ಬಸ್ಸು, ಕಿಟಕಿ ಮುಚ್ಚಿರುತ್ತದೆ. ಅಲ್ಲಿ ಮತ್ತು ಆಸ್ಪತ್ರೆಯ ಸಾಲಿನಲ್ಲಿ ಎಲ್ಲರೂ ಹಾಕಲೇಬೇಕು. ಜ್ವರ 100.4 ಡಿಗ್ರಿ ಮುಟ್ಟಿದರೆ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ. ಜೊತೆಗೆ ಅತ್ತೆಯ ಕೈಗೆ ಥರ್ಮಾಮೀಟರ್ ಕೊಡಿ ಎಂದೆ. ಆಗ ಸುಮಾ ರಾತ್ರಿ ಎದ್ದು ಹಣೆ ಮುಟ್ಟಬೇಕಿಲ್ಲ.

ಸುಮಾ ಅವರ ಹತ್ತನೇ ತರಗತಿಯ ಮಗನ ಬಗ್ಗೆ ಹೆಚ್ಚು ಚರ್ಚೆ ಆಗಲಿಲ್ಲ. ಅಮ್ಮ ಕೊಟ್ಟ ಮಾಸ್ಕ್ ಬ್ಯಾಗಿನಲ್ಲೇ ಇರುತ್ತಿತ್ತಂತೆ. ಸುಳ್ಳು ಹೇಳಿಸುವ ನಿಯಮಕ್ಕಿಂತ, ನೆಗಡಿಯಾದರೆ ತಾನೇ ಬಂದು ಹೇಳುವ ಮಗ ಮೇಲು ಅಂದೆ.

ಮದುವೆಯ ತಾರೀಕು ಕೀಮೋದ ಮೂರನೇ ವಾರಕ್ಕೆ ಬಿತ್ತು. ವೈದ್ಯರನ್ನು ಕೇಳಿ, ರಕ್ತ ಪರೀಕ್ಷೆ ನೋಡಿ ಹೋದರು. ಅತ್ತೆ ಮಾಸ್ಕ್ ಹಾಕಿ ಬಾಗಿಲ ಬಳಿ ಕೂತು ಅಕ್ಷತೆ ಹಾಕಿದರು, ಪಂಕ್ತಿಗೆ ಕೂರದೆ ಮನೆಗೆ ಬಂದರು. ಬುಂದೆ ಲಾಡು ತಿನ್ನಲಾಗಲಿಲ್ಲ ಅಂತ ಇನ್ನೂ ಸಿಟ್ಟಿದೆ. ಗಂಡ ಅಂಗಡಿಯಲ್ಲಿ ಈಗಲೂ ಮಾಸ್ಕ್ ಹಾಕುವುದಿಲ್ಲ, ಕೆಮ್ಮು ಬಂದರೆ ಪಡಸಾಲೆಯಲ್ಲಿ ಮಲಗುತ್ತಾರೆ. ಸುಮಾ ತಂದೆಯ ವಿಷಯ ಮಾತಾಡಲು ಬರುತ್ತಲೇ ಇದ್ದಾರೆ.